ಮೂರನೇ ಡಿಸ್ಕಿಗೆ ಜಾಗ ಎಲ್ಲಿ?

ನನ್ನ ಸ್ಟುಡಿಯೊ ಕೌಂಟರಿನ ಕೆಳಗೆ ಕಂಪ್ಯೂಟರಿಗೆಂದು ಬಡಗಿ ಬಿಟ್ಟ ಗೂಡು 16 ಇಂಚು ಎತ್ತರ, 9 ಇಂಚು ಅಗಲ. ಕಳೆದ ವರ್ಷ ನಾನು ಕೊಂಡ ಹೊಸ ಕಂಪ್ಯೂಟರಿನ ಹಣೆಬರಹ ಬರೆದದ್ದು ಆ ಗೂಡೇ. ಅದರೊಳಗೆ ಕೂರುವ ಕ್ಯಾಬಿನೆಟ್ ಬೇಕು, ಬೆಲೆಯೂ ಕೈಗೆಟುಕಬೇಕು ಎಂದು ಹುಡುಕಿದೆ. ಸಿಕ್ಕಿದ್ದು ಚೆಂದದ ಪುಟ್ಟ ಡಬ್ಬ. ಒಂದು ಪಕ್ಕ ಪೂರ್ತಿ ಗಾಜು, ಮುಂದೆ ಬಣ್ಣದ ದೀಪ ಹೊತ್ತು ತಿರುಗುವ ಮೂರು ಫ್ಯಾನು. ಆನ್ ಮಾಡಿದರೆ ಮಡಿಕೇರಿ ದಸರಾದ ಮಂಟಪವೇ ಅಂಗಡಿಯೊಳಗೆ ಬಂದ ಹಾಗೆ. ಅಮ್ಮತ್ತಿಯ ನನ್ನ ಅಂಗಡಿಗೆ ತಂದು ಬಿಚ್ಚಿದಾಗ ತಿಳಿಯಿತು, ಹಾರ್ಡ್‌ಡಿಸ್ಕ್ ಕೂರಿಸಲು ಅದರಲ್ಲಿ ಇರುವುದು ಒಂದೇ ಖಾನೆ. ಅದೂ ಕೆಳಗೆ ಮೂಲೆಯಲ್ಲಿ, ಕರೆಂಟು ಕೊಡುವ ಎಸ್‌ಎಂಪಿಎಸ್‌ನ ವಯರುಗಳೆಲ್ಲ ಗುಡ್ಡೆ ಬೀಳುವ ಜಾಗದಲ್ಲಿ. ನನ್ನ ಹತ್ತಿರ ಇದ್ದದ್ದು ಮೂರು ಡಿಸ್ಕು.

ಮೂರು ಯಾಕೆ ಎಂದು ಕೇಳುವವರು ಕೊಡಗಿನ ಮದುವೆ ನೋಡಿರಲಿಕ್ಕಿಲ್ಲ. ಬಾಳೆ ಕಡಿಯುವುದರಿಂದ ಹಿಡಿದು ಮುಹೂರ್ತದವರೆಗೆ ಹೇಗೋ ಲೆಕ್ಕಕ್ಕೆ ಸಿಗುತ್ತದೆ. ಗಂಗಾಪೂಜೆಗೆ ಮಾತ್ರ ಲೆಕ್ಕವಿಲ್ಲ. ಮದುಮಗಳು ನೀರು ಹೊತ್ತು ಒಂದೊಂದೇ ಹೆಜ್ಜೆ ಇಡುವಾಗ ಗಂಡಿನ ಕಡೆಯವರು ಎದುರಿಗೆ ಕುಣಿಯುತ್ತಾ ದಾರಿ ಬಿಡುವುದೇ ಇಲ್ಲ. ವಾಲಗ ನಿಲ್ಲುವವರೆಗೆ ಕ್ಯಾಮೆರಾ ನಿಲ್ಲಿಸುವ ಹಾಗಿಲ್ಲ. 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಒಂದು ಗಂಟೆಗೆ 45 ಜಿಬಿ. ಕ್ಯಾಮೆರಾದ ರಾ ಫೈಲ್ ಒಂದೊಂದೂ 25–30 ಎಂಬಿ, ಅಂಥವು ಮೂರು ಸಾವಿರ. ಎರಡು ದಿನದ ಮದುವೆ ಮುಗಿಯುವ ಹೊತ್ತಿಗೆ 250 ಜಿಬಿ ದಾಟಿರುತ್ತದೆ. ವರ್ಷಕ್ಕೆ ಹತ್ತು ಹನ್ನೆರಡು ಮದುವೆ ಸಿಕ್ಕರೆ 3 ಟಿಬಿ. ಈ ವರ್ಷದ್ದಕ್ಕೆ ಒಂದು ಡಿಸ್ಕು, ಅದರ ನಕಲಿಗೆ ಇನ್ನೊಂದು, ಹಳೆಯ ವರ್ಷಗಳದ್ದಕ್ಕೆ ಮತ್ತೊಂದು. ಇದರಲ್ಲಿ ದೌಲತ್ತು ಏನೂ ಇಲ್ಲ.

‘ಕ್ಲೌಡ್‌ಗೆ ಹಾಕಿಬಿಡಿ ಅಣ್ಣ, ಡಿಸ್ಕಿನ ರಗಳೆ ಯಾಕೆ’ ಎಂದು ಬೆಂಗಳೂರಿನಿಂದ ರಜೆಗೆ ಬಂದ ಹುಡುಗರು ಹೇಳುತ್ತಾರೆ. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. 250 ಜಿಬಿ ಹತ್ತಿಸಲು ಒಂದು ಗಳಿಗೆಯೂ ನಿಲ್ಲದೆ 55 ಗಂಟೆ ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ 55 ಗಂಟೆ ಎಡೆಬಿಡದೆ ಇರುವುದು ಮಳೆ ಒಂದೇ. ತೋಟದ ಸಿಲ್ವರ್ ಓಕ್ ಒಂದು ತಂತಿಯ ಮೇಲೆ ಒರಗಿದರೆ ಕರೆಂಟು ಯಾವಾಗ ಬರುತ್ತದೆ ಎಂದು ಕೇಳುವುದೂ ದಂಡ. ಟವರಿನ ಬ್ಯಾಟರಿ ಮುಗಿದರೆ ಫೋನೂ ಮಲಗುತ್ತದೆ. ನಮ್ಮಲ್ಲಿ ಮೋಡಕ್ಕೇನೂ ಬರವಿಲ್ಲ. ಆದರೆ ಅವು ಇಳಿಸುವ ಮೋಡಗಳು, ಹತ್ತಿಸಿಕೊಳ್ಳುವ ಮೋಡಗಳಲ್ಲ. ಕ್ಲೌಡ್ ಬೇಡ ಎನ್ನುವವನು ನಾನಲ್ಲ. ಆಲ್ಬಮ್‌ಗೆ ಆರಿಸಿದ ಇನ್ನೂರು ಫೋಟೊಗಳನ್ನು ಅಲ್ಲಿಯೂ ಇಡುತ್ತೇನೆ. ಉಳಿದದ್ದು ನಕಲಿನ ಸಮೇತ ನನ್ನ ಹತ್ತಿರವೇ ಇರಬೇಕು.

2018ರ ಆಗಸ್ಟ್ ನಂತರ ಈ ಮಾತಿನಲ್ಲಿ ನನಗೆ ಅನುಮಾನ ಉಳಿದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳೇ ಜಾರಿದ ವರ್ಷ ಅದು. ಅಲ್ಲಿಯ ಒಂದು ಮನೆಯ ಮದುವೆಯನ್ನು ಅದಕ್ಕೆ ನಾಲ್ಕು ವರ್ಷ ಮೊದಲು ನಾನು ತೆಗೆದಿದ್ದೆ. ಮಳೆ ಬಿಟ್ಟ ಮೇಲೆ ಹುಡುಗಿಯ ತಾಯಿ ಅಂಗಡಿಗೆ ಬಂದರು. ಮನೆಯ ಜೊತೆ ಆಲ್ಬಮ್ಮೂ ಮಣ್ಣಿನಡಿ ಹೋಗಿತ್ತು. ‘ಒಂದು ಫೋಟೊ ಆದರೂ ಉಂಟಾ ಮಗಾ?’ ಎಂದರು. ಮೊದಲ ಡಿಸ್ಕಿನಲ್ಲಿ ಇರಲಿಲ್ಲ. ಜಾಗ ಸಾಲದೆ ನಾನೇ ಅಳಿಸಿದ್ದೆ. ನಕಲಿನ ಡಿಸ್ಕಿನಲ್ಲಿ ಇತ್ತು. ಮಾನಿಟರಿನ ಮೇಲೆ ಒಂದೊಂದೇ ಬರುತ್ತಿದ್ದಾಗ ಅವರು ಮೊದಲು ನಿಲ್ಲಿಸಲು ಹೇಳಿದ್ದು ಮಗಳ ಮುಹೂರ್ತದ ಫೋಟೊವನ್ನಲ್ಲ. ನೆಂಟರೆಲ್ಲ ಸಾಲಾಗಿ ನಿಂತ ಒಂದು ಗುಂಪು ಫೋಟೊ. ಹಿಂದೆ ಮನೆಯ ಮುಂಭಾಗ ಪೂರ್ತಿ ಬಂದಿತ್ತು, ಹೆಂಚು, ಕಂಬ, ಮೆಟ್ಟಿಲು ಎಲ್ಲ. ಅದನ್ನು ದೊಡ್ಡದು ಮಾಡಿ ಕೊಡು ಎಂದರು.

ಹಾಗಾಗಿ ಪುಟ್ಟ ಡಬ್ಬಕ್ಕೆ ಮೂರು ಡಿಸ್ಕು ತುರುಕುವುದು ನನಗೆ ಹಟದ ವಿಷಯವಾಯಿತು. ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ಇನ್ನೊಬ್ಬರ ಬಸ್ ಚಾರ್ಜಾದರೂ ಉಳಿಯಲಿ. ಮದರ್‌ಬೋರ್ಡಿನಲ್ಲಿ ಡಿಸ್ಕಿನ ವಯರು ಸಿಕ್ಕಿಸುವ ಸಾಟಾ ಪೋರ್ಟ್ ನಾಲ್ಕಿದ್ದವು. ವಿಂಡೋಸ್‌ಗೆಂದು ಒಂದು ಎಂ.2 ಎಸ್‌ಎಸ್‌ಡಿ ಹಾಕಿದ್ದೆ, 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಪಟ್ಟಿ, ಬೋರ್ಡಿನ ಮೇಲೆಯೇ ಮಲಗುತ್ತದೆ, ವಯರು ಬೇಡ. ನಾಲ್ಕು ಪೋರ್ಟು, ಮೂರು ಡಿಸ್ಕು, ಇನ್ನೇನು ಬೇಕು? ಎಲ್ಲ ಜೋಡಿಸಿ ಆನ್ ಮಾಡಿದರೆ ಮೂರನೆಯದು ಕಾಣಿಸುವುದಿಲ್ಲ. ವಯರು ಬದಲಿಸಿದೆ, ಇಲ್ಲ. ಡಿಸ್ಕು ಸತ್ತಿತು ಎಂದುಕೊಂಡು ಟವೆಲಿನಲ್ಲಿ ಸುತ್ತಿ ಮೈಸೂರಿನ ಬಸ್ ಹತ್ತಿದೆ. ಅಲ್ಲಿ ರಿಪೇರಿ ಹುಡುಗ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ, ಡಿಸ್ಕು ಗುಂಡುಕಲ್ಲಿನ ಹಾಗೆ ಇದೆ. ನನ್ನ ಬೋರ್ಡಿನ ಕೈಪಿಡಿಯನ್ನು ಫೋನಿನಲ್ಲಿ ತೆಗೆದು, ಇರುವೆಯಂಥ ಅಕ್ಷರದ ಒಂದು ಸಾಲು ತೋರಿಸಿದ. ಎಂ.2ನಲ್ಲಿ ಎರಡು ಜಾತಿ, ಎನ್‌ವಿಎಂಇ ಮತ್ತು ಸಾಟಾ. ನನ್ನಂಥ ಅಗ್ಗದ ಬೋರ್ಡಿನಲ್ಲಿ ಸಾಟಾ ಜಾತಿಯದ್ದನ್ನು ಹಾಕಿದರೆ ಒಂದು ಸಾಟಾ ಪೋರ್ಟ್ ತನ್ನಷ್ಟಕ್ಕೆ ಬಂದ್ ಆಗುತ್ತದೆ. ನಾನು ಹಾಕಿದ್ದು ಅದೇ ಜಾತಿ, ಡಿಸ್ಕು ಸಿಕ್ಕಿಸಿದ್ದೂ ಅದೇ ಪೋರ್ಟಿಗೆ. ಪಕ್ಕದಲ್ಲಿ ಖಾಲಿ ಇದ್ದ ಇನ್ನೊಂದಕ್ಕೆ ಹಾಕಿದ್ದರೆ ಮುಗಿಯುತ್ತಿತ್ತು.

ಕರೆಂಟಿನ ವಯರು ಇನ್ನೂ ಎಚ್ಚರದ ಸಂಗತಿ. ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಸಾಟಾ ಕನೆಕ್ಟರುಗಳು ಒಂದೇ ವಯರಿನಲ್ಲಿ ಗೇಣು ಗೇಣು ದೂರಕ್ಕೆ ಇರುತ್ತವೆ. ಡಬ್ಬದ ಎರಡು ಮೂಲೆಗೆ ಮುಟ್ಟುವುದಿಲ್ಲ. ಆಗ ಎಲ್ಲರೂ ಕೊಳ್ಳುವುದು ನೂರು ರೂಪಾಯಿಯ ಒಳಗಿನ ಒಂದು ಕವಲು ವಯರು. ಅದರಲ್ಲಿ ವಯರಿನ ತುದಿಗಳನ್ನು ಪ್ಲಾಸ್ಟಿಕ್ಕಿನೊಳಗೆ ಎರಕ ಹೊಯ್ದು ಮುಚ್ಚಿದ್ದನ್ನು ಕೊಳ್ಳಬೇಡಿ. ಒಳಗೆ ತಂತಿಗಳು ಸರಿದು ಒಂದಕ್ಕೊಂದು ತಾಗಿದರೆ ಹೊರಗೆ ಗೊತ್ತಾಗುವುದು ಸುಟ್ಟ ವಾಸನೆ ಬಂದಾಗಲೇ. ಒಂದೊಂದು ವಯರೂ ಬೇರೆ ಬೇರೆ ಪಿನ್ನಿಗೆ ಒತ್ತಿ ಕೂರಿಸಿದ್ದು ಕಣ್ಣಿಗೆ ಕಾಣುವಂಥದ್ದು ಸಿಗುತ್ತದೆ, ಅದು ಸರಿ. ದೊಡ್ಡ ಡಿಸ್ಕು ತಿರುಗಲು ಶುರುವಾಗುವ ಗಳಿಗೆಯಲ್ಲಿ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಆಮೇಲೆ ಅದರ ಅರ್ಧಕ್ಕೂ ಕಡಿಮೆ. ಮೂರೂ ಒಟ್ಟಿಗೆ ಏಳುವಾಗ ಹೊರೆ ಬೀಳುವುದು ಈ ತೆಳು ವಯರಿನ ಮೇಲೆ.

ಇನ್ನು ಕೂರಿಸುವ ಕೆಲಸ. ಮುಂದಿನ ಮೂರು ಫ್ಯಾನುಗಳಲ್ಲಿ ಎರಡನ್ನು ಬಿಚ್ಚಿದೆ. ಅವು ಗಾಳಿಗಿಂತ ಬಣ್ಣವನ್ನೇ ಹೆಚ್ಚು ಬೀಸುತ್ತಿದ್ದವು. 3.5 ಇಂಚಿನ ಡಿಸ್ಕು 101.6 ಮಿ.ಮೀ. ಅಗಲ, ಫ್ಯಾನು 120 ಮಿ.ಮೀ. ಆ ಜಾಗಕ್ಕೆ ಅಲ್ಯುಮಿನಿಯಂ ಆ್ಯಂಗಲ್ ಕತ್ತರಿಸಿ ತೂತು ಹೊಡೆದುಕೊಡಲು ನಮ್ಮ ವೆಲ್ಡರ್ ಹುಡುಗನಿಗೆ ಹೇಳಿದೆ. ಗೇಟು, ಗ್ರಿಲ್ಲು ಮಾಡುವವನಿಗೆ ಮಿಲಿಮೀಟರಿನ ಕೆಲಸ ಎಂದರೆ ನಗು. ಆದರೂ ಮಾಡಿಕೊಟ್ಟ. ಸ್ಕ್ರೂ ಕೂಡ ಬೇರೆ ಬೇರೆ: ದೊಡ್ಡ ಡಿಸ್ಕಿನದ್ದು ಇಂಚಿನ ಮರೆ, ವಯರು ಹಾಕುವ ಎಸ್‌ಎಸ್‌ಡಿಯದ್ದು ಮಿಲಿಮೀಟರಿನ ಮರೆ. ಮಿಲಿಮೀಟರಿನದ್ದನ್ನು ದೊಡ್ಡ ಡಿಸ್ಕಿಗೆ ಹಾಕಿದರೆ ಸಡಿಲ. ಸಡಿಲವಾದ ಡಿಸ್ಕು ಗುಂಯ್ ಎಂದು ಇಡೀ ಡಬ್ಬವನ್ನು ನಡುಗಿಸುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡು ನಡುವೆ ಕೊಟ್ಟ ಮೇಲೆ ಸುಮ್ಮನಾಯಿತು. ಎಸ್‌ಎಸ್‌ಡಿಗೆ ಈ ಉಪಚಾರ ಯಾವುದೂ ಬೇಡ, ಒಳಗೆ ತಿರುಗುವುದೇನೂ ಇಲ್ಲ, ಎರಡು ಬದಿ ಅಂಟಿನ ಟೇಪು ಸಾಕು. ಡಿಸ್ಕುಗಳನ್ನು ಮಾತ್ರ ಒಂದರ ಮೇಲೊಂದು ಒತ್ತಿಡಬಾರದು, ನಡುವೆ ಬೆರಳು ಆಡುವಷ್ಟು ಸಂದು ಬೇಕು. ಏಪ್ರಿಲ್‌ನಲ್ಲಿ ನನ್ನ ನಡುವಿನ ಡಿಸ್ಕು 50 ಡಿಗ್ರಿ ದಾಟಿತ್ತು, ಸಂದು ಬಿಟ್ಟ ಮೇಲೆ 42ಕ್ಕೆ ಇಳಿಯಿತು.

ನಮ್ಮ ಕಡೆ ಬಿಸಿಲಿಗಿಂತ ಥಂಡಿಯೇ ಶತ್ರು. ಮಳೆಗಾಲದಲ್ಲಿ ಬೀರುವಿನೊಳಗೆ ಬಲ್ಬು ಉರಿಸಿ ಬಟ್ಟೆ ಕಾಪಾಡುವ ಊರು ಇದು. ಲೆನ್ಸಿಗೆ ಬೂಷ್ಟು ಹಿಡಿಯುವುದು ಇಲ್ಲಿಯ ಪ್ರತಿ ಫೋಟೊಗ್ರಾಫರಿಗೂ ಗೊತ್ತು. ಮಾಮೂಲಿ ಹಾರ್ಡ್‌ಡಿಸ್ಕಿನ ಮೈಯಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ, ಮುಚ್ಚಬೇಡಿ ಎಂದು ಪಕ್ಕದಲ್ಲೇ ಬರೆದಿರುತ್ತಾರೆ. ಒಳಗಿನ ಗಾಳಿ, ಹೊರಗಿನ ಗಾಳಿ ಸಮ ಆಗಲು ಅದು ಡಿಸ್ಕಿನ ಮೂಗು. ಟೇಪು ಅಂಟಿಸುವ ಉತ್ಸಾಹದಲ್ಲಿ ಅದನ್ನು ಮುಚ್ಚಿದವರನ್ನು ನೋಡಿದ್ದೇನೆ. ಮಳೆಯಲ್ಲಿ ಜೀಪಿನಿಂದ ಇಳಿಸಿದ ತಣ್ಣನೆಯ ಡಿಸ್ಕನ್ನು ಕೂಡಲೇ ಚಾಲೂ ಮಾಡುವುದೂ ಸಲ್ಲ. ಒಳಗೆ ಪಸೆ ಕಟ್ಟಿದ್ದರೆ ಆರಲು ಒಂದೆರಡು ಗಂಟೆ ಬಿಡಬೇಕು.

ಇಷ್ಟೆಲ್ಲ ಸರ್ಕಸ್ಸಿನ ಬದಲು ಯುಎಸ್‌ಬಿಗೆ ಸಿಕ್ಕಿಸುವ ಡಿಸ್ಕು ತರಬಾರದೇ ಎಂದು ಕೇಳಬಹುದು. ಒಂದು ತಂದಿದ್ದೇನೆ. ತಿಂಗಳಿಗೊಮ್ಮೆ ತುಂಬಿಸಿ ವಿರಾಜಪೇಟೆಯ ಅಕ್ಕನ ಮನೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಒಂದೇ ಸೂರಿನಡಿ ಎಷ್ಟು ನಕಲಿದ್ದರೂ ಗುಡ್ಡ ಜಾರಿದರೆ ಒಂದೇ ಲೆಕ್ಕ. ಆದರೆ ದಿನದ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಕೌಂಟರಿನ ಮೇಲೆ ನೇತಾಡುವ ವಯರನ್ನು ಆಧಾರ್ ಜೆರಾಕ್ಸ್‌ಗೆ ಬಂದವರ ಮಗು ಎಳೆಯುತ್ತದೆ. ಅಂಗೈಯಗಲದ ಯುಎಸ್‌ಬಿ ಡಿಸ್ಕುಗಳಲ್ಲಿ ಹಲವಕ್ಕೆ ವಯರು ಸಿಕ್ಕಿಸುವ ಕಿಂಡಿಯನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದು ಮುರಿದರೆ ಒಳಗಿನದನ್ನು ಬಿಚ್ಚಿ ಸಾಟಾ ವಯರಿಗೆ ಹಾಕೋಣ ಎಂದರೂ ದಾರಿಯಿಲ್ಲ.

ನನ್ನ ತಕರಾರು ಮಾರುವವರ ಮೇಲೆ. ಕ್ಯಾಬಿನೆಟ್ಟಿನ ರಟ್ಟಿನ ಡಬ್ಬದ ಮೇಲೆ ಎಷ್ಟು ಫ್ಯಾನು, ಎಷ್ಟು ಬಣ್ಣ ಎಂದು ಮೊಳದುದ್ದ ಬರೆದಿರುತ್ತದೆ. ಎಷ್ಟು ಡಿಸ್ಕು ಹಿಡಿಯುತ್ತದೆ ಎಂಬುದನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಯಾವ ಎಂ.2 ಹಾಕಿದರೆ ಯಾವ ಪೋರ್ಟ್ ಸಾಯುತ್ತದೆ ಎಂಬುದು ಕೈಪಿಡಿಯ ಒಳಪುಟಕ್ಕೆ. ಡಿಸ್ಕಿನದೂ ಅದೇ ಕತೆ. ಅಗ್ಗದ ಹಲವು ಡಿಸ್ಕುಗಳಲ್ಲಿ ಬರೆಯುವ ಪಟ್ಟಿಗಳನ್ನು ನಮ್ಮ ಮಾಡಿನ ಹೆಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಹೊದಿಸಿರುತ್ತಾರೆ. ಜಾಗ ಉಳಿಯುತ್ತದೆ, ಆದರೆ ನಡುವಿನ ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕು. ಒಮ್ಮೆ ಬರೆದು ಇಟ್ಟುಬಿಡುವ ನನ್ನ ಹಳೆಯ ಮದುವೆಗಳಿಗೆ ಅದು ಸಾಕು. ದಿನವೂ ಅಳಿಸಿ ಬರೆಯುವವರಿಗೆ ಆಮೆ. ದೊಡ್ಡ ತಯಾರಕರೇ ಇದನ್ನು ಹೇಳದೆ ಮಾರಿದ್ದು 2020ರಲ್ಲಿ ಬಯಲಾಯಿತು. 1 ಟಿಬಿ ಎಂದು ಕೊಂಡದ್ದು ವಿಂಡೋಸಿನಲ್ಲಿ 931 ಎಂದು ಕಾಣುವುದು ಮಾತ್ರ ಮೋಸವಲ್ಲ. ಅವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ವಿಂಡೋಸ್ 1024ರಲ್ಲಿ ಎಣಿಸುತ್ತದೆ. ಡಿಸ್ಕಿನಲ್ಲಿ ಕದ್ದಿದ್ದೀಯಾ ಎಂದು ಜಗಳಕ್ಕೆ ಬಂದ ಒಬ್ಬ ತೋಟದ ಸಾಹುಕಾರರಿಗೆ, ‘ಚೆರ್ರಿ ಕಾಫಿ ಸುಲಿದರೆ ಸಿಗುವ ಬೀಜದ ಔಟ್‌ಟರ್ನ್ ನೋಡುವುದಿಲ್ಲವೇ, ಇದೂ ಹಾಗೇ’ ಎಂದೆ. ಲೆಕ್ಕ ಪೂರ್ತಿ ಸರಿಯಲ್ಲ, ಆದರೆ ಅವರು ಸಮಾಧಾನವಾಗಿ ಹೋದರು.

ನಾನು ಕೇಳುವುದು ಸಣ್ಣದು. ಗೋಣಿಕೊಪ್ಪದಲ್ಲಾಗಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ಅಸೆಂಬಲ್ ಮಾಡಿ ಕೊಡುವ ಕಂಪ್ಯೂಟರಿನ ಬಿಲ್ಲಿನಲ್ಲಿ ಒಂದು ಸಾಲು ಇರಲಿ: ಇದರಲ್ಲಿ ಇನ್ನೆಷ್ಟು ಡಿಸ್ಕು ಕೂರುತ್ತದೆ, ವಯರು ಎಷ್ಟಿದೆ. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಡಿಸ್ಕಿನ ಕಾರ್ಖಾನೆಗಳು ಮುಳುಗಿದಾಗ ಅಮ್ಮತ್ತಿಯಲ್ಲಿ ಕೂತ ನಾನೂ ಹೆಚ್ಚಿಗೆ ಕೊಟ್ಟು ಡಿಸ್ಕು ಕೊಂಡೆ. ಎಲ್ಲ ಒಮ್ಮೆಗೇ ಕೊಳ್ಳಲಾಗದವನು ಬೆಲೆ ಇಳಿದಾಗ ಒಂದೊಂದೇ ಸೇರಿಸುತ್ತಾನೆ. ಸೇರಿಸಲು ಜಾಗವೇ ಇಲ್ಲದ ಯಂತ್ರ ಬಡವನಿಗೆ ದುಬಾರಿ. ಕಾಲೇಜಿನ ಮಕ್ಕಳು ಸಲಹೆ ಕೇಳಿದರೆ, ಯಾರದ್ದಾದರೂ ಆಫೀಸಿನ ಹಳೆಯ ಕ್ಯಾಬಿನೆಟ್ ಸಿಗುತ್ತದೋ ನೋಡಿ ಎನ್ನುತ್ತೇನೆ. ಬೋರ್ಡು, ಕ್ಯಾಬಿನೆಟ್ಟುಗಳ ಎಟಿಎಕ್ಸ್ ಅಳತೆ ಇಂಟೆಲ್ 1995ರಲ್ಲಿ ಗೊತ್ತು ಮಾಡಿದ್ದು. ಇವತ್ತಿನ ಬೋರ್ಡೂ ಅದೇ ತೂತುಗಳಿಗೆ ಕೂರುತ್ತದೆ.

ಅಂಥದ್ದೊಂದು ನನ್ನ ಅಟ್ಟದ ಮೇಲೂ ಇದೆ. 2009ರದ್ದು, ದಪ್ಪ ತಗಡು, ಡಿಸ್ಕಿಗೆ ನಾಲ್ಕು ಖಾನೆ, ಡಿವಿಡಿಗೆ ಎರಡು. ಎತ್ತರ 17 ಇಂಚು, ಗೂಡಿಗೆ ಒಂದು ಇಂಚು ಹೆಚ್ಚು. ಅದಕ್ಕೇ ಅಟ್ಟಕ್ಕೆ ಹೋದದ್ದು.

ಈಗ ಮಳೆಗಾಲದ ಕಕ್ಕಡ ಮಾಸ. ಮದುವೆ ಇಲ್ಲ, ಗಿರಾಕಿ ಇಲ್ಲ, ಮಧ್ಯಾಹ್ನದ ಮೇಲೆ ಕರೆಂಟೂ ಇಲ್ಲ. ನಾಲ್ಕನೇ ಡಿಸ್ಕು ಬಂದಿದೆ, ಬಂದ್ ಆದ ಪೋರ್ಟಿಗೆ ಏನು ಮಾಡುವುದು ಎಂದು ಆಮೇಲೆ ನೋಡಿದರಾಯಿತು. ಪುಟ್ಟ ಡಬ್ಬವನ್ನು ಕೌಂಟರಿನ ಮೇಲೆ ಬಿಚ್ಚಿಟ್ಟು, ಟಾರ್ಚ್ ಬಿಟ್ಟು, ಇನ್ನೊಂದು ಜೋಡಿ ಆ್ಯಂಗಲ್ ಎಲ್ಲಿ ಬರುತ್ತದೆ ಎಂದು ವೆಲ್ಡರ್ ಹುಡುಗನಿಗೆ ಸ್ಕೇಲು ಹಿಡಿದು ತೋರಿಸುತ್ತಿದ್ದೆ. ಅವನು ಡಬ್ಬ ನೋಡಿದ, ಅಟ್ಟ ನೋಡಿದ, ಬಗ್ಗಿ ಗೂಡಿನ ಹಲಗೆಯನ್ನು ಬೆರಳಿನಿಂದ ತಟ್ಟಿದ.

‘ಅಣ್ಣ, ಈ ಹಲಗೆ ಒಂದು ಇಂಚು ಮೇಲೆ ಎತ್ತಿದ್ದರೆ ಆಗುತ್ತಿರಲಿಲ್ಲವಾ?’