ಹಳೆ ಪಿಕಪ್ಪಿನ ಹೊಗೆ ದುರಸ್ತಿ: ಖರ್ಚು ಯಾರ ತಲೆಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗರ ಮನೆಯಂಗಳದಲ್ಲಿ ಎತ್ತಿನ ಗಾಡಿ ಈಗ ಅಪರೂಪ. ಅದರ ಜಾಗದಲ್ಲಿ ಡೀಸೆಲ್ ಪಿಕಪ್ ನಿಂತಿದೆ. ಬೆಟ್ಟದಿಂದ ಸೊಪ್ಪು, ದರಕು ತರಲು, ಗೊಬ್ಬರ ಹೊರಲು, ರಾಶಿ, ಚಾಲಿ ಮೂಟೆಗಳನ್ನು ಪೇಟೆಗೆ ಮುಟ್ಟಿಸಲು ಅದೇ ಆಧಾರ. ಹೊಸ ಗಾಡಿಯ ಬೆಲೆ ಎಟುಕದವರು ಅಡಿಕೆ ಮಾರಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಈಗ ಮಾರಾಟಕ್ಕೆ ಬರುತ್ತಿರುವ ಹಳೆ ಗಾಡಿ ಹಿಂದಿನ ಕಾಲದ ಹಳೆ ಗಾಡಿಯಲ್ಲ ಎಂಬುದನ್ನು ರೈತ ಬಾಂಧವರು ಮೊದಲು ತಿಳಿಯಬೇಕು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳೆಲ್ಲ ಭಾರತ್ ಸ್ಟೇಜ್ 6 ಮಟ್ಟದವೇ ಆಗಿರಬೇಕು. ಆ ದಿನದ ನಂತರ ಸ್ಟೇಜ್ 4ರ ಗಾಡಿಗಳನ್ನು ಮಾರಕೂಡದೆಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿತ್ತು. ಸ್ಟೇಜ್ 5ನ್ನು ಸರ್ಕಾರ ಬಿಟ್ಟೇಬಿಟ್ಟಿತು. ಡೀಸೆಲ್ಲಿನ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. 2023ರ ಏಪ್ರಿಲಿನಿಂದ ನಿಯಮದ ಎರಡನೆಯ ಹಂತವೂ ಬಂದಿದೆ. ಈ ಸುಧಾರಣೆಯಿಂದ ಗಾಳಿಗೆ ಒಳ್ಳೆಯದೇ ಆಯಿತು. ಆದರೆ ಗಾಡಿಯ ಹೊಟ್ಟೆಯೊಳಗೆ ಹೊಗೆ ಶುದ್ಧಿಯ ಹತ್ತಾರು ಭಾಗಗಳು ಸೇರಿಕೊಂಡವು. ಅವು ಕೆಟ್ಟರೆ ಬಿಲ್ಲು ಹತ್ತಾರು ಸಾವಿರಕ್ಕೆ ಏರುತ್ತದೆ. ಮೊದಲನೆಯ ಮಾಲೀಕ ಗಾಡಿ ಮಾರಿ ಕೈತೊಳೆದುಕೊಂಡ ಮೇಲೆ ಈ ಬಿಲ್ಲು ಯಾರದು? ಇಂದಿನ ಪ್ರಶ್ನೆ ಇದೇ.

ಒಳಗೆ ಏನಿದೆ?

ಸೈಲೆನ್ಸರಿಗೆ ಮೊದಲು ಒಂದು ಜಾಲರಿ ಇರುತ್ತದೆ. ಗ್ಯಾರೇಜಿನಲ್ಲಿ ಇದನ್ನು ಡಿ.ಪಿ.ಎಫ್. ಎನ್ನುತ್ತಾರೆ. ಹೊಗೆಯ ಮಸಿಯನ್ನು ಹಿಡಿದಿಡುವುದು ಇದರ ಕೆಲಸ. ಮಸಿ ತುಂಬಿದಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಅದು ಸುಟ್ಟುಹೋಗಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಕಷ್ಟು ಹೊತ್ತು ಓಡುವ ಗಾಡಿಯಲ್ಲಿ ಈ ಕೆಲಸ ತಾನಾಗಿ ನಡೆಯುತ್ತದೆ. ಮನೆಯಿಂದ ಬೆಟ್ಟಕ್ಕೆ, ಬೆಟ್ಟದಿಂದ ತೋಟಕ್ಕೆ, ತೋಟದಿಂದ ಮೂರು ಮೈಲಿ ದೂರದ ಸೊಸೈಟಿಗೆ ಎಂದು ಮೊದಲನೆಯ, ಎರಡನೆಯ ಗೇರಿನಲ್ಲಿ ಓಡಾಡುವ ಗಾಡಿಯಲ್ಲಿ ಶಾಖ ಸಾಲದು. ತೋಟದ ಬಸಿಗಾಲುವೆಯನ್ನು ಹೆರೆಯದೆ ಬಿಟ್ಟರೆ ಹೂಳು ತುಂಬಿ ನೀರು ನಿಲ್ಲುವಂತೆಯೇ ಇಲ್ಲಿಯೂ ಮಸಿ ಕಟ್ಟುತ್ತದೆ. ಮಸಿ ಸುಡುವ ಹೊತ್ತಿಗೆ ಮತ್ತೆ ಮತ್ತೆ ಗಾಡಿ ನಿಲ್ಲಿಸಿದರೆ ಹೆಚ್ಚುವರಿ ಡೀಸೆಲ್ ಎಂಜಿನ್ ಆಯಿಲಿಗೂ ಸೇರಬಹುದು.

ಇದಲ್ಲದೆ ಸುಟ್ಟ ಗಾಳಿಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇ.ಜಿ.ಆರ್. ವಾಲ್ವ್ ಇದೆ, ಶಾಖ ಮತ್ತು ಒತ್ತಡ ಅಳೆಯುವ ಸೆನ್ಸರುಗಳಿವೆ. ಕೆಲವು ಗಾಡಿಗಳಲ್ಲಿ ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕೂ ಇದೆ. ಇವೆಲ್ಲವನ್ನೂ ಒಂದು ಗಣಕ ಕಾಯುತ್ತಿರುತ್ತದೆ. ದೋಷ ಕಂಡರೆ ಡ್ರೈವರನ ಎದುರು ದೀಪ ಹೊತ್ತಿಸಿ, ದೋಷದ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಈ ಸಂಖ್ಯೆಯೇ ನಿಮ್ಮ ಮೊದಲ ಸಾಕ್ಷಿ. ಇದನ್ನು ಮರೆಯಬೇಡಿ.

ಕೌಂಟರಿನಲ್ಲಿ ಸಿಗುವ ಮೂರು ಉತ್ತರ

ದೀಪ ಹೊತ್ತಿದ ಗಾಡಿಯನ್ನು ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಒಯ್ದಾಗ ಸಾಮಾನ್ಯವಾಗಿ ಮೂರರಲ್ಲಿ ಒಂದು ಉತ್ತರ ಸಿಗಬಹುದು. ಮೂರನ್ನೂ ಬೇರೆಬೇರೆಯಾಗಿ ತೂಗಿ ನೋಡೋಣ.

ಮೊದಲನೆಯದು: "ನೀವು ಎರಡನೆಯ ಮಾಲೀಕರು, ನಿಮಗೆ ವಾರಂಟಿ ಇಲ್ಲ." ಈ ಮಾತನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ. ವಾರಂಟಿಯ ಅವಧಿಯನ್ನು ಗಾಡಿ ಮೊದಲು ಮಾರಾಟವಾದ ದಿನದಿಂದ ಎಣಿಸುತ್ತಾರೆ. ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರು, ಯಾವುದು ಮೊದಲೋ ಅದು. ನೀವು ಕೊಂಡ ದಿನದಿಂದ ಹೊಸ ಲೆಕ್ಕ ಶುರುವಾಗುವುದಿಲ್ಲ. ಅವಧಿ ಉಳಿದಿದ್ದರೆ ಅದು ಹೊಸ ಮಾಲೀಕನಿಗೆ ಸಲ್ಲುತ್ತದೆಯೇ ಎಂಬುದು ಗಾಡಿಯ ಜೊತೆ ಬರುವ ವಾರಂಟಿ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಹೆಚ್ಚು ಹಣ ಕೊಟ್ಟು ಪಡೆದ ವಿಸ್ತರಿತ ವಾರಂಟಿಯಾದರೆ ಹೆಸರು ಬದಲಿಸಲು ಪ್ರತ್ಯೇಕ ಅರ್ಜಿ ಕೇಳುವುದುಂಟು. 2020, 2021ರ ಗಾಡಿಗಳಲ್ಲಿ ಅನೇಕಕ್ಕೆ ಮೂಲ ವಾರಂಟಿ ಮುಗಿದಿರುತ್ತದೆ. ಆದ್ದರಿಂದ ಕೊಳ್ಳುವ ಮುಂಚೆಯೇ ತಾರೀಕು ನೋಡುವುದು ಜಾಣತನ.

ಎರಡನೆಯದು: "ಇದು ಬಳಕೆಯಿಂದ ಆದ ತೊಂದರೆ, ತಯಾರಿಕೆಯ ದೋಷವಲ್ಲ." ಈ ಉತ್ತರದಲ್ಲಿ ಕೆಲವೊಮ್ಮೆ ಸತ್ಯವಿದೆ. ಕಿರುದಾರಿಯ ಓಡಾಟದಿಂದಲೇ ಜಾಲರಿ ಕಟ್ಟಿದ್ದರೆ ಕಂಪನಿ ಒಪ್ಪಲಾರದು. ಆದರೆ ಒತ್ತಡದ ಸೆನ್ಸರ್ ಕೆಟ್ಟು ಮಸಿ ಸುಡುವ ಕೆಲಸವೇ ಆರಂಭವಾಗದೆ ಹೋಗಿರಬಹುದು. ಇಂಜೆಕ್ಟರ್ ಸೋರಿ ಮಸಿ ಹೆಚ್ಚಾಗಿರಬಹುದು. ಹಾಗಿದ್ದರೆ ಜಾಲರಿ ಕಟ್ಟಿದ್ದು ಪರಿಣಾಮವೇ ಹೊರತು ಕಾರಣವಲ್ಲ. ಆ ಸೆನ್ಸರ್, ಇಂಜೆಕ್ಟರುಗಳು ವಾರಂಟಿಯೊಳಗೆ ಬರುವಂಥವಾದರೆ ಕೇಳುವ ಹಕ್ಕು ನಿಮಗಿದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: "ಜಾಲರಿ ಕಟ್ಟಲು ಕಾರಣವೇನು? ಬರೆದು ಕೊಡಿ."

ಮೂರನೆಯದು: "ಹೊರಗೆ ಸರ್ವಿಸ್ ಮಾಡಿಸಿದ್ದೀರಿ." ಮೊದಲನೆಯ ಮಾಲೀಕ ಊರ ಮೆಕ್ಯಾನಿಕ್ಕಿನಲ್ಲಿ ಆಯಿಲ್ ಬದಲಿಸಿರಬಹುದು. ಈ ಗಾಡಿಗಳಿಗೆ ಬೂದಿ ಕಡಿಮೆ ಉಳಿಯುವ ಜಾತಿಯ ಆಯಿಲೇ ಬೇಕು. ಹಳೆಯ ಮಾದರಿಯ ಆಯಿಲಿನ ಬೂದಿ ಜಾಲರಿಯಲ್ಲಿ ಕೂತರೆ ಸುಟ್ಟರೂ ಹೋಗುವುದಿಲ್ಲ. ಅಂಥ ಕಡೆ ಕಂಪನಿಯ ವಾದ ಗಟ್ಟಿಯಾಗುತ್ತದೆ. ಸರಿಯಾದ ಆಯಿಲ್ ಹಾಕಿದ ಬಿಲ್ಲು ನಿಮ್ಮಲ್ಲಿದ್ದರೆ ನಿಮ್ಮ ವಾದ ಗಟ್ಟಿಯಾಗುತ್ತದೆ.

ಎರಡು ಅಧ್ಯಾಯ ಓದಿ

ಅನೇಕ ಕಂಪನಿಗಳ ಕೈಪಿಡಿಯಲ್ಲಿ ವಾರಂಟಿಯ ಎರಡು ಅಧ್ಯಾಯಗಳಿರುತ್ತವೆ. ಒಂದು ಸಾಮಾನ್ಯ ವಾರಂಟಿ. ಇನ್ನೊಂದು "ಎಮಿಷನ್ ವಾರಂಟಿ". ಈ ಎರಡನೆಯದನ್ನು ನಮ್ಮ ದೇಶದ ವಾಹನ ತಯಾರಕರು 2001ರಿಂದ ತಾವಾಗಿಯೇ ಕೊಡುತ್ತ ಬಂದಿದ್ದಾರೆ. ಕಾರುಗಳ ಪುಸ್ತಕದಲ್ಲಿ ಮೂರು ವರ್ಷ ಅಥವಾ 80,000 ಕಿಲೋಮೀಟರು ಎಂದು ಬರೆದಿರುವುದು ಸಾಮಾನ್ಯ. ನಿಮ್ಮ ಪಿಕಪ್ಪಿನ ಪುಸ್ತಕದಲ್ಲಿ ಈ ಅಧ್ಯಾಯ ಇದೆಯೇ, ಇದ್ದರೆ ಎಷ್ಟು ಅವಧಿ ಎಂದು ನೋಡಿಕೊಳ್ಳಿ. ಇದರ ಷರತ್ತುಗಳಲ್ಲಿ ಒಂದನ್ನು ಜನ ಗಮನಿಸುವುದೇ ಇಲ್ಲ: ದೋಷ ಕಂಡ ದಿನದ ಹಿಂದಿನ ಅವಧಿಗೆ ಚಾಲ್ತಿಯಲ್ಲಿದ್ದ ಹೊಗೆ ತಪಾಸಣೆಯ ಪತ್ರ ಬೇಕು. ಪೊಲೀಸರು ಹಿಡಿದಾಗ ತೋರಿಸಲಷ್ಟೇ ಎಂದು ನಾವು ಭಾವಿಸಿರುವ ಪತ್ರವೇ ಇಲ್ಲಿ ಹಣದ ಕಾಗದವಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಈ ಅಧ್ಯಾಯ ಜಾರಿಗೆ ಬರುವುದು ಗಾಡಿ ಹೊಗೆ ತಪಾಸಣೆಯಲ್ಲಿ ಫೇಲಾದಾಗ. ಡೀಸೆಲ್ ಗಾಡಿಯ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ಹೀಗಾಗಿ ದೀಪ ಹೊತ್ತಿದ್ದರೂ ಗಾಡಿ ತಪಾಸಣೆಯಲ್ಲಿ ಪಾಸಾಗಬಹುದು. ಆಗ ಕೇಳಬೇಕಾದದ್ದು ಸಾಮಾನ್ಯ ವಾರಂಟಿಯ ಅಧ್ಯಾಯದಂತೆ. ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ತಪ್ಪು ಬಾಗಿಲು ತಟ್ಟಿ ಹಿಂದಿರುಗಬೇಡಿ.

ಮೂರನೆಯ ಬಾಗಿಲೂ ಇದೆ: ಕಂಪನಿಯೇ ಗಾಡಿಗಳನ್ನು ಹಿಂದಕ್ಕೆ ಕರೆಸಿ ಉಚಿತವಾಗಿ ದುರಸ್ತಿ ಮಾಡುವುದು. 2021ರ ಜುಲೈಯಲ್ಲಿ ಮಹೀಂದ್ರ ಕಂಪನಿ ದ್ರವದ ಪೈಪೊಂದರ ಜೋಡಣೆ ಸರಿಯಿಲ್ಲವೆಂಬ ಶಂಕೆಯಿಂದ 29,878 ಪಿಕಪ್ಪುಗಳನ್ನು ಹೀಗೆ ಕರೆಸಿತ್ತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 110ಎ ಎಂಬ ಕಲಮು ಸೇರಿದೆ. ಪರಿಸರಕ್ಕೆ ಹಾನಿ ಮಾಡುವ ದೋಷ ಕಂಡರೂ ಗಾಡಿಗಳನ್ನು ಹಿಂದಕ್ಕೆ ಕರೆಸಲು ಕೇಂದ್ರ ಸರ್ಕಾರ ಆಜ್ಞೆ ಮಾಡಬಹುದು. ಏಳು ವರ್ಷದೊಳಗಿನ ಗಾಡಿಗಳಿಗೆ ಇದರ ನಿಯಮ 2021ರ ಏಪ್ರಿಲಿನಿಂದ ಜಾರಿಯಲ್ಲಿದೆ. ನಿಮ್ಮ ಚಾಸಿಸ್ ನಂಬರು ಕೊಟ್ಟು, "ಈ ಗಾಡಿಗೆ ಬಾಕಿ ಉಳಿದ ಉಚಿತ ದುರಸ್ತಿ ಇದೆಯೇ?" ಎಂದು ಕಂಪನಿಯನ್ನು ಕೇಳಿ. ಕೇಳಲು ಕಾಸು ಬೇಡ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ. ಈ ಗಾಡಿ ಕೊಳ್ಳುವಾಗ ಕಾಗದ ಎಣಿಸಬೇಕು. ಮೊದಲ ಮಾರಾಟದ ಬಿಲ್ಲು, ವಾರಂಟಿ ಪುಸ್ತಕ, ಸರ್ವಿಸ್ ಬಿಲ್ಲುಗಳು, ಹಿಂದಿನ ಹೊಗೆ ತಪಾಸಣೆಯ ಪತ್ರಗಳು ಇವಿಷ್ಟನ್ನೂ ಮಾರುವವನಿಂದ ಕೇಳಿ ಪಡೆಯಿರಿ. ಸರ್ವಿಸ್ ಬಿಲ್ಲಿನ ಕಿಲೋಮೀಟರು ಮೀಟರಿನ ಕಿಲೋಮೀಟರಿಗೆ ಹೊಂದುತ್ತದೆಯೇ ನೋಡಿ. ಮೀಟರು ತಿರುಗಿಸಿದ್ದು ಗೊತ್ತಾದರೆ ವಾರಂಟಿಯ ಮಾತೇ ಇಲ್ಲ. ಕೀಲಿ ತಿರುಗಿಸಿದಾಗ ಎಂಜಿನ್ನಿನ ದೀಪ ಹೊತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತದೇ ಇದ್ದರೆ ಯಾರೋ ಬಲ್ಬು ಕಿತ್ತಿರಬಹುದು. ಕಂಪನಿಯ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿ ಮುದ್ರಿತ ಪ್ರತಿ ಪಡೆದ ನಂತರವೇ ಮುಂಗಡ ಕೊಡಿ.

ಕೊಂಡ ಮೇಲೆ 29 ಮತ್ತು 30ನೆಯ ಫಾರಂ ತುಂಬಿ ಶಿರಸಿಯ ಆರ್‌ಟಿಓ ಕಚೇರಿಯಲ್ಲಿ ಹೆಸರು ಬದಲಿಸುವುದನ್ನು ಮುಂದೂಡಬೇಡಿ. ಆರ್‌ಸಿಯಲ್ಲಿ ಹಳಬನ ಹೆಸರೇ ಇದ್ದರೆ ವಾರಂಟಿ ಕೇಳುವಾಗ ನೀವು ಯಾರೆಂಬುದೇ ಪ್ರಶ್ನೆಯಾಗುತ್ತದೆ.

ದೀಪ ಹೊತ್ತಿದರೆ ತಾರೀಕು, ಕಿಲೋಮೀಟರು ಬರೆದುಕೊಳ್ಳಿ. ದೋಷದ ಸಂಖ್ಯೆಯನ್ನು ಅಳಿಸಿ ಗಾಡಿ ಕೊಡಲು ಯಾರಿಗೂ ಬಿಡಬೇಡಿ. ಅಳಿಸಿದರೆ ಸಾಕ್ಷಿ ಹೋಯಿತು. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ಕನ್ನಡದಲ್ಲೇ ಬರೆಸಿ ಪ್ರತಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬದಲಿಸಿದ ಹಳೆ ಭಾಗವನ್ನು ತೋರಿಸಲು ಹೇಳಿ. ತಿಂಗಳಿಗೆ ಒಂದೆರಡು ಸಲ ಯಲ್ಲಾಪುರ–ಹುಬ್ಬಳ್ಳಿಯಂಥ ಹೆದ್ದಾರಿಯಲ್ಲಿ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸಿದರೆ ಮಸಿ ಸುಟ್ಟು ಹೋಗುತ್ತದೆ, ಈ ತಕರಾರಿನ ಅರ್ಧ ಭಾಗ ಹುಟ್ಟುವುದೇ ಇಲ್ಲ.

ಇವೆರಡನ್ನು ಮಾಡಬೇಡಿ

ಒಂದು, ಜಾಲರಿಯನ್ನೇ ಕೊಯ್ದು ತೆಗೆಸುವುದು. ನಾಲ್ಕು ಸಾವಿರದಲ್ಲಿ ಮುಗಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಮರುಳಾಗಬೇಡಿ. ಅಲ್ಲಿಗೆ ವಾರಂಟಿ ಮುಗಿಯಿತು. ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಕಾಯಿದೆ ಹೇಳುತ್ತದೆ. ಹೊಗೆಯ ನಿಯಮ ಮೀರಿದ್ದಕ್ಕೆ 10,000 ರೂಪಾಯಿವರೆಗಿನ ದಂಡ ಬೇರೆ. ಕೊಯ್ದದ್ದು ಹಿಂದಿನ ಮಾಲೀಕನೇ ಆದರೂ ರಸ್ತೆಯಲ್ಲಿ ಸಿಕ್ಕಿಬೀಳುವವರು ನೀವು.

ಎರಡು, ತೋಟಕ್ಕೆ ತಂದ ಯೂರಿಯಾ ಕರಗಿಸಿ ಟ್ಯಾಂಕಿಗೆ ಹಾಕುವುದು. ಗಾಡಿಗೆ ಬೇಕಾದದ್ದು ಶೇಕಡಾ 32.5ರ ಶುದ್ಧ ಯೂರಿಯಾ ದ್ರಾವಣ. ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿದೆ. ಅದು ಹರಳುಗಟ್ಟಿ ಇಡೀ ವ್ಯವಸ್ಥೆಯನ್ನು ಕೆಡಿಸುತ್ತದೆ. ಸಬ್ಸಿಡಿಯ ಗೊಬ್ಬರವನ್ನು ಕೃಷಿಯೇತರ ಕೆಲಸಕ್ಕೆ ಬಳಸುವುದು ಅಪರಾಧವೂ ಹೌದು.

ಕೊನೆಯ ಬಾಗಿಲು

ಎಲ್ಲ ಮಾಡಿಯೂ ಅನ್ಯಾಯವಾಯಿತೆಂದು ಕಂಡರೆ 1915ಕ್ಕೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗವಿದೆ. 2020ರ ಜುಲೈಯಿಂದ ಜಾರಿಗೆ ಬಂದ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ತೊಂದರೆ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ವ್ಯಾಪಾರಕ್ಕೆ ಕೊಂಡ ಗಾಡಿ ಎಂದು ಎದುರು ಪಕ್ಷ ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದಾದರೆ ಕಾಯಿದೆ ನಿಮ್ಮನ್ನು ಗ್ರಾಹಕನೆಂದೇ ಎಣಿಸುತ್ತದೆ.

ಬರಬೇಕಾದ ಕಾಯಿದೆ

ಅಮೆರಿಕದಲ್ಲಿ ಕಾರು ಮತ್ತು ಸಣ್ಣ ಪಿಕಪ್ಪುಗಳ ಹೊಗೆ ಶುದ್ಧಿಯ ಮುಖ್ಯ ಭಾಗಗಳಿಗೆ ಎಂಟು ವರ್ಷ ಅಥವಾ 80,000 ಮೈಲಿಯ ವಾರಂಟಿಯನ್ನು ಕಾಯಿದೆಯೇ ಗೊತ್ತುಪಡಿಸಿದೆ. ಗಾಡಿ ಕೈ ಬದಲಿಸಿದರೂ ವಾರಂಟಿ ಗಾಡಿಯ ಜೊತೆಗೇ ಹೋಗುತ್ತದೆ. ಫೋಕ್ಸ್‌ವ್ಯಾಗನ್ ಕಂಪನಿ ಹೊಗೆಯ ಪರೀಕ್ಷೆಯಲ್ಲೇ ಮೋಸ ಮಾಡಿದ್ದು 2015ರಲ್ಲಿ ಬಯಲಾದಾಗ ನಮ್ಮ ದೇಶದಲ್ಲೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಆದರೂ ಎರಡನೆಯ ಮಾಲೀಕನ ಹಕ್ಕು ನಮ್ಮಲ್ಲಿ ಇನ್ನೂ ಕಂಪನಿಯ ಪುಸ್ತಕದ ಷರತ್ತಿಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ. ಇದು ಸರಿಯಲ್ಲ. ಗಾಳಿ ಶುದ್ಧವಾಗಿರಬೇಕೆಂದು ಸರ್ಕಾರ ನಿಯಮ ಮಾಡಿದ ಮೇಲೆ, ಆ ನಿಯಮದ ಭಾರ ಗಾಡಿಯನ್ನು ಕಡೆಗೆ ಕೊಂಡ ಸಣ್ಣ ಹಿಡುವಳಿದಾರನ ಹೆಗಲಿಗೆ ಮಾತ್ರ ಬೀಳಬಾರದು. ದುರಸ್ತಿಯ ಖರ್ಚು ತಾಳದೆ ಆತ ಜಾಲರಿ ಕೊಯ್ಸಿದರೆ ಕೆಡುವುದು ಎಲ್ಲರ ಗಾಳಿ.

ನಮ್ಮ ಸಹಕಾರಿ ಸಂಘಗಳು ಈ ಬೇಡಿಕೆಯನ್ನು ಸರ್ಕಾರದ ಮುಂದಿಡಬಹುದು. ಸದಸ್ಯರ ಗಾಡಿಗಳನ್ನು ಕೊಳ್ಳುವ ಮುಂಚೆ ಪರೀಕ್ಷಿಸಲು ಸ್ಕ್ಯಾನರ್ ಒಂದನ್ನು ಇಡಬಹುದು. ಅದು ಆಗುವವರೆಗೆ ನೀವು ಮಾಡಬಹುದಾದದ್ದು ಸರಳ: ಗಾಡಿ ಕೊಂಡಾಗ ಕಾಗದದ ಕಟ್ಟನ್ನೂ ಕೊಳ್ಳಿ, ಅಡಿಕೆ ಪಟ್ಟಿಯಂತೆ ಜೋಪಾನ ಮಾಡಿ.