ಮಳೆಗಾಲದ ಅತಿಥಿಗೆ ಭರವಸೆ ಬೇಕು

ಜಪಾನಿನ ಹೊಕ್ಕೈಡೊ ದ್ವೀಪದ ನಿಸೆಕೊದಲ್ಲಿ ಹಿಮವೇ ವ್ಯಾಪಾರದ ಬಂಡವಾಳ. ಆಸ್ಟ್ರೇಲಿಯಾ ಮೊದಲಾದ ದೇಶಗಳ ಸ್ಕೀ ಪ್ರವಾಸಿಗರು ತಿಂಗಳುಗಳ ಮೊದಲೇ ವಿಮಾನ, ವಸತಿಗಳನ್ನು ಕಾಯ್ದಿರಿಸಿ ಅಲ್ಲಿಗೆ ಬರುತ್ತಾರೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಗೆ ಮಳೆಗಾಲವೇ ಅಂತಹ ಬಂಡವಾಳ. ಸಾಗರದ ಜೋಗ ಮೈದುಂಬುವುದೂ ಆಗಲೇ. 2005ರಲ್ಲಿ ಆಗುಂಬೆಯಲ್ಲಿ ಆರಂಭವಾದ ಮಳೆಕಾಡು ಸಂಶೋಧನಾ ಕೇಂದ್ರವು ಇಲ್ಲಿನ ಕಾಳಿಂಗ ಸರ್ಪವನ್ನು ಹೊರನಾಡುಗಳಿಗೂ ಪರಿಚಯಿಸಿದೆ.

ಆದರೆ ಕಡಲಾಚೆಯ ಅತಿಥಿಯು ವೀಸಾ, ರಜೆ, ಟಿಕೆಟುಗಳನ್ನು ಮುಂಚಿತವಾಗಿ ಹೊಂದಿಸಿಕೊಳ್ಳಬೇಕು. ಮಂಗಳೂರಿನಲ್ಲಿ ಇಳಿದವನು 14 ಕಡಿದಾದ ತಿರುವುಗಳ ಆಗುಂಬೆ ಘಾಟಿಯನ್ನು ಏರಬೇಕು. ಅಲ್ಲಿ ಮಣ್ಣು ಕುಸಿದು ಸಂಚಾರ ನಿಂತರೆ ಆತನ ಯೋಜನೆಯೆಲ್ಲ ತಲೆಕೆಳಗಾಗುತ್ತದೆ. 2023ರಲ್ಲಿ ಉದ್ಘಾಟನೆಗೊಂಡ ಶಿವಮೊಗ್ಗ ವಿಮಾನ ನಿಲ್ದಾಣದಿಂದ ತೀರ್ಥಹಳ್ಳಿಯ ಮೂಲಕ ಪರ್ಯಾಯ ಮಾರ್ಗವಿದೆ. ಇದನ್ನು ಆತನಿಗೆ ಮೊದಲೇ ತಿಳಿಸುವವರು ಬೇಕು.

ಆದುದರಿಂದ ತೀರ್ಥಹಳ್ಳಿ, ಹೊಸನಗರ, ಸಾಗರಗಳ ವಸತಿಗೃಹ, ಹೋಂಸ್ಟೇ ಹಾಗೂ ವಾಹನ ಮಾಲೀಕರು ಒಂದುಗೂಡಿ ಘಾಟಿಯ ಸ್ಥಿತಿ, ಜಲಪಾತಗಳ ಪ್ರವೇಶ ನಿರ್ಬಂಧ, ವಸತಿಯ ದರ, ಮಳೆಯಿಂದ ಪ್ರವಾಸ ರದ್ದಾದರೆ ಮುಂಗಡ ಮರಳಿಸುವ ನಿಯಮ ಇವೆಲ್ಲವನ್ನೂ ಒಂದೇ ಕಡೆ ಪ್ರಕಟಿಸುವುದು ಅಗತ್ಯ. ಮುಂಗಡವನ್ನು ಉಳಿಸಿಕೊಂಡ ವ್ಯಾಪಾರಿಗೆ ಒಂದು ದಿನದ ಲಾಭ. ಮರಳಿಸಿದವನಿಗೆ ಮರುವರ್ಷವೂ ಅತಿಥಿ.