ಸೀಸೆಯೊಳಗಿನ ನೊರೆಗೆ ಚಮಚದ ಲೆಕ್ಕ ಸಾಲದು

ಮನೆಯಲ್ಲಿ ಬೀರು ತಯಾರಿಸಲು ಬೇಕಾಗಿದ್ದ ಪರವಾನಗಿಯನ್ನು ಬ್ರಿಟನ್ ದೇಶ ೧೯೬೩ರಲ್ಲಿ ರದ್ದುಮಾಡಿತು. ಅಂದಿನಿಂದ ಅಲ್ಲಿ ಅದು ಅನೇಕರ ಹವ್ಯಾಸವಾಗಿದೆ. ಈ ಹವ್ಯಾಸಿಗಳಲ್ಲಿ ಹಳೆಯ ವಿಧಿಯೊಂದುಂಟು: ಹುದುಗಿದ ಬೀರನ್ನು ಸೀಸೆಗೆ ತುಂಬಿ, ಪೈಂಟ್ ಒಂದಕ್ಕೆ ಅರ್ಧ ಚಮಚ ಸಕ್ಕರೆ ಹಾಕಿ, ಮುಚ್ಚಳ ಬಿಗಿದಿಡುವುದು. ನೊರೆ ಸಾಲದೆ ಹೋದರೆ ಮುಂದಿನ ಸಲ ಒಂದು ಚಮಚ! ಈ ಚಮಚವನ್ನು ಕೆಳಗಿಟ್ಟು ತಕ್ಕಡಿಯನ್ನು ಹಿಡಿಯತಕ್ಕದ್ದೆಂಬುದು ನಮ್ಮ ವಾದ. ನಮ್ಮ ರಾಜ್ಯದಲ್ಲಿ ೧೯೬೫ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಲೆಂದು ನಾವು ಬರೆಯುತ್ತಿಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ನಿಯಮವೊಂದು ಗಾಜನ್ನು ಸಿಡಿಸಬಲ್ಲುದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಕಾಣದು.

ಯೀಸ್ಟು ಸಕ್ಕರೆಯನ್ನು ಒಡೆದು ಆಲ್ಕೊಹಾಲನ್ನೂ ಇಂಗಾಲಾಮ್ಲ ವಾಯುವನ್ನೂ, ಎಂದರೆ ಕಾರ್ಬನ್ ಡೈಆಕ್ಸೈಡನ್ನೂ, ಉಂಟುಮಾಡುತ್ತದೆ. ಹಾಕಿದ ಸಕ್ಕರೆಯ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚಾಗಿ ಈ ವಾಯು ಹುಟ್ಟುತ್ತದೆ. ಮುಚ್ಚಿದ ಸೀಸೆಯಲ್ಲಿ ಅದಕ್ಕೆ ಹೊರಹೋಗಲು ದಾರಿಯಿಲ್ಲ. ಬಹುಭಾಗ ದ್ರವದಲ್ಲಿಯೇ ಕರಗುತ್ತದೆ. ಉಷ್ಣತೆ ಬದಲಾಗದಿದ್ದರೆ, ಕರಗಿದ ವಾಯುವಿನ ಪ್ರಮಾಣ ಒತ್ತಡಕ್ಕೆ ಅನುಪಾತದಲ್ಲಿರುವುದೆಂದು ವಿಲಿಯಂ ಹೆನ್ರಿ ೧೮೦೩ರಲ್ಲಿಯೇ ತಿಳಿಸಿದ್ದನು.

ಹಿತವಾದ ನೊರೆಗೆ ಲೀಟರಿಗೆ ಸುಮಾರು ೫ ಗ್ರಾಂ ವಾಯು ಬೇಕು. ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹುದುಗಿದ ಬೀರಿನಲ್ಲಿ ಸುಮಾರು ೧.೭ ಗ್ರಾಂ ಮೊದಲೇ ಕರಗಿ ನಿಂತಿರುತ್ತದೆ. ಚಮಚದವರು ಮರೆಯುವುದು ಇದನ್ನೇ. ಉಳಿದ ೩.೩ ಗ್ರಾಮಿಗೆ ೬.೪ ಗ್ರಾಂ ಸಕ್ಕರೆ ಸಾಕು. ೨೦ ಲೀಟರಿಗೆ ೧೩೦ ಗ್ರಾಂ ತೂಗಿ, ನೀರಿನಲ್ಲಿ ಕುದಿಸಿ ಆರಿಸಿ, ಇಡೀ ಬೀರಿಗೆ ಬೆರೆಸಿದ ಮೇಲೆ ತುಂಬಿದರೆ ಎಲ್ಲ ಸೀಸೆಗಳೂ ಒಂದೇ ಸಮನಾಗುತ್ತವೆ. ಆಗ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಮೂರರಷ್ಟು. ಸಕ್ಕರೆ ಇಮ್ಮಡಿಯಾದರೆ ಐದರಷ್ಟು. ಅದೇ ಸೀಸೆ ೩೦ ಡಿಗ್ರಿಯ ಕೋಣೆಯಲ್ಲಿದ್ದರೆ ಆರೂವರೆಯಷ್ಟು, ಏಕೆಂದರೆ ಬಿಸಿಯಾದ ದ್ರವದಲ್ಲಿ ವಾಯು ಕಡಿಮೆ ಕರಗುತ್ತದೆ. ತೆಳುಗಾಜು ಇದನ್ನು ತಾಳಲಾರದು. ಸಿಡಿದ ಚೂರು ಮೊದಲು ಹುಡುಕುವುದು ಕಣ್ಣನ್ನು.

ಇದಕ್ಕಿಂತ ದೊಡ್ಡ ಅಪಾಯ ಆತುರದ್ದು. ಹುದುಗುವಿಕೆ ಮುಗಿಯುವ ಮುನ್ನವೇ ತುಂಬಿದರೆ ಉಳಿದ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ವಿಶಿಷ್ಟ ಗುರುತ್ವ ೧.೦೧೪ರಿಂದ ೧.೦೧೦ಕ್ಕೆ ಇಳಿಯುವಷ್ಟರಲ್ಲಿ ಲೀಟರಿಗೆ ಸುಮಾರು ೪ ಗ್ರಾಂ ವಾಯು ಹೆಚ್ಚುತ್ತದೆ. ಹೈಡ್ರೋಮೀಟರಿನ ಅಂಕ ಕೆಲವು ದಿನ ಕದಲದೆ ನಿಂತ ಮೇಲೆಯೇ ತುಂಬಬೇಕು.

ನೊರೆ ಬಾರದ ಸೀಸೆಗೆ ಇನ್ನಷ್ಟು ಸಕ್ಕರೆ ಸುರಿಯುವುದನ್ನಂತೂ ನಾವು ಒಪ್ಪಲಾರೆವು. ಬಹುಮಟ್ಟಿಗೆ ದೋಷವಿರುವುದು ಮುಚ್ಚಳದ ಸಂದಿನಲ್ಲಿ, ಇಲ್ಲವೆ ಕೋಣೆಯ ಚಳಿಯಲ್ಲಿ. ೧೦ ಡಿಗ್ರಿಯಲ್ಲಿ ಬಹಳಷ್ಟು ಯೀಸ್ಟು ಮಂಕಾಗಿ ಮಲಗಿರುತ್ತದೆ. ೨೦ ಡಿಗ್ರಿಯಲ್ಲಿ ಎರಡು ವಾರ ಕಾದರೆ ಕೆಲಸ ಸಾಮಾನ್ಯವಾಗಿ ಮುಗಿಯುತ್ತದೆ.

ನಮ್ಮ ಕಾಲೇಜುಗಳಲ್ಲಿ ಹೆನ್ರಿಯ ನಿಯಮ ಕಪ್ಪುಹಲಗೆಯಲ್ಲಿಯೇ ಹುಟ್ಟಿ ಅಲ್ಲಿಯೇ ಅಳಿಸಿಹೋಗುತ್ತದೆ. ಅದಕ್ಕೆ ಬೀರೇ ಬೇಕಿಲ್ಲ, ಪ್ಲಾಸ್ಟಿಕ್ಕಿನ ಸೋಡಾ ಸೀಸೆ ಸಾಕು. ಬಿರಡೆಸಹಿತ ತೂಗಿ, ಮೆಲ್ಲನೆ ತೆರೆದು, ಗುಳ್ಳೆಗಳು ನಿಲ್ಲುವವರೆಗೆ ಬಿಟ್ಟು, ಮತ್ತೆ ಬಿರಡೆಯೊಡನೆ ತೂಗಲಿ. ಒಂದು ಸೀಸೆಯನ್ನು ಮಂಜಿನಲ್ಲಿಯೂ ಇನ್ನೊಂದನ್ನು ಬಿಸಿಲಿನಲ್ಲಿಯೂ ಇಟ್ಟು ತೆರೆದು ಎರಡರ ನಷ್ಟವನ್ನು ಹೋಲಿಸಲಿ.